ಅಪ್ಪ ರಿಪೇರಿ ಮಾಡಿದ ಸಂಗೀತ

ನಮ್ಮಪ್ಪನ ಬಗ್ಗೆ ಸಿಟ್ಟಿಲ್ಲದೆ ಬರೆಯುವುದು ನನಗೆ ಇವತ್ತಿಗೂ ಆಗುವುದಿಲ್ಲ. ಬೀದಿಯವರೆಲ್ಲ ಅವರನ್ನು ಹೊಗಳುತ್ತಿದ್ದರು, ಅದು ಬೇರೆ ಮಾತು. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಟೇಪ್ ರೆಕಾರ್ಡರ್, ರೇಡಿಯೋ, ಫ್ಯಾನು, ಇಸ್ತ್ರಿಪೆಟ್ಟಿಗೆ, ಏನು ತಂದುಕೊಟ್ಟರೂ ಸರಿಯಾಗುತ್ತಿತ್ತು. ತೊಂದರೆ ಏನೆಂದರೆ, ತಂದುಕೊಡದಿದ್ದರೂ ಸರಿಯಾಗುತ್ತಿತ್ತು. ಸುಮ್ಮನೆ ಮಾತಾಡಿಸಲು ಬಂದ ನೆಂಟರ ಕೈಗಡಿಯಾರ ಬಿಚ್ಚಿಡುತ್ತಿದ್ದರು. ಪಕ್ಕದ ಮನೆಯ ಗೇಟು ಕಿರುಗುಟ್ಟಿದರೆ ಎಣ್ಣೆ ಡಬ್ಬಿ ಹಿಡಿದು ಹೊರಟೇಬಿಡುತ್ತಿದ್ದರು. ಆ ಸದ್ದಿನಿಂದಲೇ ಗಂಡ ಬಂದದ್ದು ತಿಳಿಯುತ್ತಿತ್ತು ಎಂದು ಆ ಮನೆಯಾಕೆ ಅಮ್ಮನ ಹತ್ತಿರ ದೂರಿದಾಗ ಅಪ್ಪ, ಹಾಗಾದರೆ ಗೇಟಿಗೊಂದು ಗಂಟೆ ಕಟ್ಟಿಕೊಡಲೇ ಎಂದು ಕೇಳಿಕಳಿಸಿದರು. ತಮಾಷೆಗಲ್ಲ, ನಿಜವಾಗಿಯೇ. ಇನ್ನೊಂದು ಗುಣವೆಂದರೆ ಏನನ್ನೂ ಬಿಸಾಡುತ್ತಿರಲಿಲ್ಲ. ತಲೆ ಸವೆದ ಸ್ಕ್ರೂ ಕೂಡ ಯಾವುದೋ ಡಬ್ಬಿಯಲ್ಲಿ ಕಾದು ಕೂತಿರುತ್ತಿತ್ತು.

ಆಗ ನಾನು ಡಿಗ್ರಿ ಎರಡನೇ ವರ್ಷ ಮುಗಿಸಿದ್ದೆ. ಬೇಸಿಗೆ ರಜೆ. ಹಗಲೆಲ್ಲ ತಗಡಿನ ಸೂರು ಕಾದು ಒಳಗೆ ಕೂರುವ ಹಾಗಿರಲಿಲ್ಲ. ಸಂಜೆ ಆರಕ್ಕೆ ಬಿಸಿಲು ನಮ್ಮ ಕಿಟಕಿ ಬಿಟ್ಟು ಎದುರುಮನೆಯ ಗೋಡೆ ಹತ್ತಿದ ಮೇಲೆ ನನ್ನ ಹೊತ್ತು ಶುರು. ಹಿಂದಿನ ಕೋಣೆಯ ಬಾಗಿಲು ಹಾಕಿ, ನೆಲಕ್ಕೆ ನೀರು ಚಿಮುಕಿಸಿ, ಗೋಡೆಗೆ ದಿಂಬಿಟ್ಟು ಒರಗುತ್ತಿದ್ದೆ. ತೊಡೆಯ ಮೇಲೆ ಲೈಬ್ರರಿಯ ಕಾದಂಬರಿ, ಪಕ್ಕದಲ್ಲಿ ಹಳೆಯ ಟೇಪ್ ರೆಕಾರ್ಡರ್, ಅದರಲ್ಲಿ ದಿನವೂ ಒಂದೇ ಕ್ಯಾಸೆಟ್ಟು. ಏಳೂವರೆಯವರೆಗೆ ನಾನು ಯಾರ ಮಗಳೂ ಅಲ್ಲ. ಆಮೇಲೆ ಅಮ್ಮ ಊಟಕ್ಕೆ ಕರೆಯುತ್ತಿದ್ದಳು.

ಆ ಕ್ಯಾಸೆಟ್ಟು ಕಾಲೇಜಿನ ಪಿಯಾನೋ ಮೇಡಂ ಕೊಟ್ಟದ್ದು. ಸಂಗೀತ ಅವರದೇ ರಚನೆ. ನಾಲ್ಕೇ ಸ್ವರ. ಅದನ್ನೇ ನುಡಿಸುತ್ತಾರೆ, ಮತ್ತೆ ಅದನ್ನೇ, ಮತ್ತೆ ಅದನ್ನೇ. ನಡುವೆ ಎಲ್ಲೋ ಒಂದು ಸ್ವರ ಕೂದಲೆಳೆಯಷ್ಟು ತಡವಾಗುತ್ತದೆ, ಇನ್ನೆಲ್ಲೋ ಹೊಸದೊಂದು ಮೆಲ್ಲಗೆ ಬಂದು ಸೇರಿಕೊಳ್ಳುತ್ತದೆ. ಹೀಗೆ ನಲವತ್ತು ನಿಮಿಷ. ಅವರು ಅದನ್ನು ಎಲ್ಲೂ ಬರೆದಿಟ್ಟಿರಲಿಲ್ಲ. ಬೆರಳ ಗೆಣ್ಣುಗಳು ಊದಿಕೊಂಡು ಆ ವರ್ಷ ಕೆಲಸ ಬಿಡುವ ಮುನ್ನ ಒಂದು ಮಧ್ಯಾಹ್ನ ಕುಳಿತು, ನುಡಿಸಿ, ನನಗಾಗಿ ರೆಕಾರ್ಡ್ ಮಾಡಿಕೊಟ್ಟರು. “ಜೋಪಾನ. ಇನ್ನೊಂದ್ಸಲ ನನ್ನ ಕೈಲಿ ಆಗಲ್ಲ” ಎಂದರು. ಅದಕ್ಕೊಂದು ನಕಲು ಮಾಡಿಟ್ಟುಕೊಳ್ಳಬೇಕೆಂದು ನನಗೆ ಹೊಳೆಯಲೇ ಇಲ್ಲ, ಅದೂ ಟೇಪ್ ರಿಪೇರಿಯವರ ಮಗಳಿಗೆ.

ದಿನವೂ ಅದೇ ಸದ್ದು ಮುಂದಿನ ಕೋಣೆಗೂ ಕೇಳಿಸಿ, ಗಿರಾಕಿಗಳ ಎದುರು ಅಪ್ಪನಿಗೆ ಮಾನ ಹೋದ ಹಾಗಾಗುತ್ತಿತ್ತು. ರಿಪೇರಿಯವರ ಮನೆಯಲ್ಲೇ ಟೇಪು ಸಿಕ್ಕಿಕೊಂಡಿದೆಯಲ್ಲ ಎಂದು ಯಾರೋ ನಕ್ಕರಂತೆ. ಒಂದು ಶನಿವಾರ ಸಂಜೆ ಬಾಗಿಲು ತೆರೆದು, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದೇ ನಿಂತರು. “ಇದು ಇರೋದೇ ಹೀಗಾ, ಇಲ್ಲಾ ಏನಾದ್ರೂ ಕೆಟ್ಟಿದ್ಯಾ?” ಎಂದು ಕೇಳಿದರು.

ಕಾದಂಬರಿ ಮುಖ್ಯ ಘಟ್ಟದಲ್ಲಿತ್ತು. ನಾನು ತಲೆ ಎತ್ತಲಿಲ್ಲ. “ಹೂಂ, ಕೆಟ್ಟೋಗಿದೆ. ನಿಮ್ಗೆ ಅದು ಬಿಟ್ಟು ಇನ್ನೇನು ಗೊತ್ತು, ರಿಪೇರಿ ಮಾಡ್ಬಿಡಿ” ಎಂದೆ.

ಅದು ಕೊಂಕು ಎಂದು ಎಂಥವರಿಗೂ ತಿಳಿಯುತ್ತಿತ್ತು. ಅಪ್ಪನಿಗೆ ತಿಳಿಯಲಿಲ್ಲ. ಕೆಟ್ಟಿದೆ ಎಂದು ಯಾರಾದರೂ ಹೇಳಿದರೆ ಅವರ ಮಟ್ಟಿಗೆ ಅದು ಕೆಲಸ, ಅಷ್ಟೆ. ಸರಿ ಎಂದು ಬಾಗಿಲು ಮುಂದೆ ಮಾಡಿಕೊಂಡು ಹೋದರು.

ಮರುದಿನ ನಾನು ಬೆಳಿಗ್ಗೆಯೇ ಗೆಳತಿಯ ಮನೆಗೆ ಹೋಗಿ ಆರಕ್ಕೆ ಬಂದೆ. ಅಪ್ಪ ಬಾಗಿಲಲ್ಲೇ ಕಾಯುತ್ತಿದ್ದರು. ಮೆಷಿನ್ ಬಿಚ್ಚಿ ಬೆಲ್ಟ್ ಬದಲಿಸಿದರಂತೆ, ಹೆಡ್ ಒರೆಸಿದರಂತೆ, ಆದರೂ ಅದೇ ಸದ್ದು. ಆಗ ಗೊತ್ತಾಯಿತಂತೆ, ದೋಷ ಮೆಷಿನ್ನಿನದಲ್ಲ, ಯಾರೋ ತಿಳಿಯದವರು ಒಂದೇ ತುಂಡನ್ನು ಮತ್ತೆ ಮತ್ತೆ ರೆಕಾರ್ಡ್ ಮಾಡಿಬಿಟ್ಟಿದ್ದಾರೆ ಎಂದು. ಬೆಳಿಗ್ಗೆಯಿಂದ ಊಟಕ್ಕೂ ಏಳದೆ, ಬಂದದ್ದೇ ಬಂದ ಕಡೆಯೆಲ್ಲ ಬ್ಲೇಡಿನಿಂದ ಕತ್ತರಿಸಿ ಅಂಟಿಸಿದ್ದರು. “ಈಗ ಕೇಳು. ಒಂದು ಕಡೆನೂ ಸಿಕ್ಕಿಕೊಳ್ಳಲ್ಲ” ಎಂದು ಗುಂಡಿ ಒತ್ತಿದರು.

ನಲವತ್ತು ನಿಮಿಷದ ಸಂಗೀತ ಮೂರು ನಿಮಿಷಕ್ಕೆ ಮುಗಿಯಿತು. ಅಂಟಿಸಿದ ಒಂದು ಜಾಗವೂ ಕಿವಿಗೆ ಸಿಗಲಿಲ್ಲ, ಅಷ್ಟು ನಾಜೂಕು ಕೆಲಸ. ಅದಕ್ಕೇ ಇನ್ನೂ ಮೈ ಉರಿಯಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಬೀದಿಯಲ್ಲಿ ಹೋಗುವವರು ನಿಂತು ನೋಡುವಷ್ಟು ಕೂಗಾಡಿದೆ.

“ನಿಮ್ಗೆ ಕಿವಿ ಇದ್ಯಾ ಅಪ್ಪ? ಒಂದೊಂದ್ಸಲನೂ ಅದು ಬೇರೆ. ಅಷ್ಟೂ ಗೊತ್ತಾಗಲ್ವಾ?”

ಅಪ್ಪ ಮೆಷಿನ್ ಕಡೆ ನೋಡಿದರು. “ನೀನೇ ಹೇಳಿದ್ಯಲ್ಲಮ್ಮ, ಕೆಟ್ಟೋಗಿದೆ ಅಂತ.”

ಅದು ನಿಜ. ನಿಜ ಹೇಳಿದ್ದಕ್ಕೆ ಅವರ ಮೇಲೆ ಇನ್ನಷ್ಟು ಸಿಟ್ಟು ಬಂತು. ಕಿವಿ ಇಲ್ಲದವರ ಹೊಟ್ಟೆಯಲ್ಲಿ ಹುಟ್ಟಿದ್ದೇ ನನ್ನ ಕರ್ಮ ಎಂದೆ. ಅಮ್ಮ ಬಂದು ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದಳು.

ನಾಲ್ಕು ದಿನ ಅವರ ಜೊತೆ ಮಾತಿಲ್ಲ. ಹಿತ್ತಲ ಬಾಗಿಲಿಂದಲೇ ಓಡಾಡಿದೆ, ತಟ್ಟೆ ತೆಗೆದುಕೊಂಡು ಹಿಂದಿನ ಕೋಣೆಯಲ್ಲೇ ಉಂಡೆ. ಪುಸ್ತಕ ಹಿಡಿದರೂ ಒಂದು ಪುಟ ಓಡಲಿಲ್ಲ. ಮೇಡಂಗೆ ಏನು ಹೇಳಲಿ ಎಂಬ ಯೋಚನೆ ಬಂದಾಗಲೆಲ್ಲ ಹಲ್ಲು ಕಡಿಯುತ್ತಿದ್ದೆ. ಅಪ್ಪ ಗಿರಾಕಿಗಳನ್ನೆಲ್ಲ ವಾಪಸ್ ಕಳಿಸುತ್ತಿದ್ದಾರೆ, ಒಂದು ಫ್ಯಾನೂ ಮುಟ್ಟಿಲ್ಲ ಎಂದಳು ಅಮ್ಮ. ಮುಟ್ಟದಿದ್ದರೆ ಫ್ಯಾನು ಬದುಕಿಕೊಂಡಿತು ಬಿಡು ಎಂದೆ.

ಐದನೆಯ ದಿನ ಸಂಜೆ ಆರಕ್ಕೆ ಅಪ್ಪ ಕರೆದರು. ಹೋಗಬಾರದೆಂದುಕೊಂಡೇ ಹೋದೆ. ಮೇಜಿನ ಮೇಲೆ ಪೇಪರು ಹಾಸಿ ಟೇಪಿನ ತುಂಡುಗಳನ್ನು ಸುರುಳಿ ಸುತ್ತಿ ಇಟ್ಟಿದ್ದರು. ಒಂದೊಂದೂ ಮಾರುದ್ದದ್ದು. ಕತ್ತರಿಸಿದ್ದನ್ನೆಲ್ಲ ಬಿಸ್ಕತ್ತಿನ ಡಬ್ಬಿಗೆ ಹಾಕಿಟ್ಟಿದ್ದರು, ಕಲಸುಮೇಲೋಗರವಾಗಿ ಐವತ್ತೆಂಟು ತುಂಡು. ಈಗ ಒಂದೊಂದನ್ನೇ ಖಾಲಿ ಕ್ಯಾಸೆಟ್ಟಿಗೆ ಹಾಕಿ, ಹೆಡ್‌ಫೋನಿನಲ್ಲಿ ಕೇಳಿ, ನಂಬರಿನ ಚೀಟಿ ಅಂಟಿಸಿ ಜೋಡಿಸುತ್ತಿದ್ದರು. ಮೂವತ್ತೊಂದರವರೆಗೆ ಬಂದಿದ್ದರು.

“ಇಲ್ಲಿ ಎಡಗೈ ಒಂಚೂರು ಹಿಂದೆ ಬೀಳುತ್ತೆ. ಮುಂದಿನದ್ರಲ್ಲಿ ಇನ್ನೊಂಚೂರು. ಇಲ್ಲಿಗೆ ಬರೋ ಹೊತ್ತಿಗೆ ನುಡಿಸೋರಿಗೆ ಬೆರಳು ನೋಯ್ತಿದೆ, ಕಡೇ ಸ್ವರ ಒತ್ತೋಕಾಗ್ತಿಲ್ಲ” ಎಂದರು. ಮೇಡಂ ಬೆರಳಿನ ವಿಷಯ ನಾನು ಮನೆಯಲ್ಲಿ ಹೇಳಿಯೇ ಇರಲಿಲ್ಲ.

ಆಮೇಲೆ ಎರಡು ಸುರುಳಿ ಮುಂದಿಟ್ಟರು. ಇವೆರಡರಲ್ಲಿ ಯಾವುದು ಮೊದಲೆಂದು ಬೆಳಿಗ್ಗೆಯಿಂದ ತಿಳಿಯುತ್ತಿಲ್ಲವಂತೆ. “ನೀನು ದಿನಾ ಕೇಳ್ತಿದ್ದೆ. ನೀನೇ ಹೇಳ್ಬೇಕು” ಎಂದರು. ಅದರಲ್ಲಿ ಕೊಂಕಿರಲಿಲ್ಲ. ಕೊಂಕು ಅವರಿಗೆ ಬರುತ್ತಲೂ ಇರಲಿಲ್ಲ.

ಹೆಡ್‌ಫೋನ್ ಹಾಕಿಕೊಂಡೆ. ಮೊದಲನೆಯದನ್ನು ಕೇಳಿದೆ, ಎರಡನೆಯದನ್ನು ಕೇಳಿದೆ, ಮತ್ತೆ ಮೊದಲನೆಯದನ್ನು ಕೇಳಿದೆ. ಕಾದಂಬರಿಯ ಯಾವ ಪುಟದಲ್ಲಿ ನಾಯಕಿ ಮನೆ ಬಿಟ್ಟು ಹೋಗುತ್ತಾಳೆ ಎಂದು ಕೇಳಿದ್ದರೆ ಹೇಳುತ್ತಿದ್ದೆ. ಅಷ್ಟು ದಿನವೂ ಸಂಗೀತ ಪಕ್ಕದಲ್ಲಿ ಸುಮ್ಮನೆ ಓಡುತ್ತಿತ್ತು, ಅಷ್ಟೆ. ನನಗೆ ಎರಡೂ ಒಂದೇ ಥರ ಕೇಳಿಸಿದವು.

ಅಪ್ಪ ಬ್ಲೇಡು ಹಿಡಿದು ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. ಗೊತ್ತಿಲ್ಲ ಎಂಬ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ.

“ಇದು ಮೊದ್ಲು” ಎಂದು ಕೈಗೆ ಸಿಕ್ಕಿದ್ದನ್ನು ತೋರಿಸಿದೆ.

ಅಪ್ಪ ಹೌದೌದು ಎಂದು ತಲೆಯಾಡಿಸಿದರು. ನಾನು ತೋರಿಸಿದ್ದನ್ನೇ ನಾಜೂಕಾಗಿ ಅಂಟಿಸಿ, ಚೀಟಿಯ ಮೇಲೆ ಮೂವತ್ತೆರಡು ಎಂದು ಬರೆದರು.