ಬೀಳಗಿಯ ತೆರೆ, ಬನಹಟ್ಟಿಯ ಮಗ್ಗ

ಕರೆಂಟು ಹೋದರೆ ಬನಹಟ್ಟಿ ಒಮ್ಮೆಲೇ ಮೂಕವಾಗುತ್ತದೆ. ಓಣಿಯ ಮಗ್ಗಗಳೆಲ್ಲ ನಿಂತು, ಮೂರನೇ ಮನೆಯ ಕುಕ್ಕರಿನ ಸೀಟಿಯೂ ಕೇಳುತ್ತದೆ. ನನ್ನ ಯಜಮಾನರಿಗೆ ಮಾತ್ರ ಅದೂ ಕೇಳುವುದಿಲ್ಲ. ಪ್ರಾಯವೆಲ್ಲ ಪವರ್‌ಲೂಮ್ ರಿಪೇರಿ ಮಾಡಿ ಮಾಡಿ ಕಿವಿ ಹೋಗಿವೆ. ಆ ಗದ್ದಲದಲ್ಲಿ ನಾವು ನೇಕಾರರು ಮೊದಲಿಂದಲೂ ಕೈಸನ್ನೆಯಲ್ಲೇ ಮಾತಾಡುವವರು. ಅಂಗೈ ಕೆಳಗೆ ಮಾಡಿ ಒತ್ತಿದರೆ ಮಗ್ಗ ನಿಲ್ಲಿಸು ಎಂದರ್ಥ. ಈಗ ನಮ್ಮ ಸಂಸಾರವೂ ಸನ್ನೆಯಲ್ಲೇ ನಡೆದಿದೆ.

ಹಾಗೆ ಕರೆಂಟಿಲ್ಲದ ಒಂದು ಮಧ್ಯಾಹ್ನ ಅವರು ಮೊಬೈಲಿನಲ್ಲಿ ಸಮುದ್ರದ ತೆರೆಯಿಂದ ವಿದ್ಯುತ್ ತೆಗೆಯುವುದನ್ನು ನೋಡಿದರು. ತೇಲುವ ಡ್ರಮ್ಮು ಏಳುತ್ತದೆ, ಇಳಿಯುತ್ತದೆ, ದೀಪ ಹತ್ತುತ್ತದೆ.

"ಸಮುದ್ರಕ್ಕ ಲೋಡ್ ಶೆಡ್ಡಿಂಗ್ ಇಲ್ಲ ನೋಡು!" ಎಂದರು.

ಮರುದಿನ ಮನೆಯ ಎರಡು ಮಗ್ಗಗಳಲ್ಲಿ ಒಂದನ್ನು ಬಿಚ್ಚಿ ಹಾಕಿದ್ದರು. ಅದೂ ನಾನು ನೇಯುವ ಮಗ್ಗ! ಅದರ ಕ್ರ್ಯಾಂಕಿಗೆ ಸೈಕಲ್ ಡೈನಮೋ, ನೀಲಿ ಡ್ರಮ್ಮು ಕಟ್ಟುತ್ತ ಕೂತರು. ಒದರಾಡಿದೆ. ಕೇಳದವರ ಮುಂದೆ ಒದರಿ ಏನು ಬಂತು, ನನ್ನ ಗಂಟಲೇ ಹರಿಯಿತು.

"ಸಮುದ್ರ ದೂರ ಆತು, ಬೀಳಗಿ ಡ್ಯಾಮಿನ ಹಿನ್ನೀರಾಗ ಇಟ್ಟು ನೋಡೂಣು. ದೀಪ ಹತ್ತಲಿಲ್ಲಂದ್ರ ನಿನ್ನ ಮಗ್ಗ ಜೋಡಸ್ತೇನಿ. ಹತ್ತಿತಂದ್ರ ಇನ್ನೊಂದೂ ಬಿಚ್ಚಿ ದೊಡ್ಡದು ಮಾಡತೇನಿ," ಎಂದರು.

ಹತ್ತದಿರಲಪ್ಪಾ ಎಂದು ಟೆಂಪೋದಲ್ಲಿ ದಾರಿಯುದ್ದಕ್ಕೂ ಬೇಡಿಕೊಂಡೆ.

ಗಾಳಿ ಚೆನ್ನಾಗಿತ್ತು. ನಾನು ಸೊಂಟದ ಮಟ ನೀರಲ್ಲಿ ಡ್ರಮ್ಮು ಹಿಡಿದು ನಿಂತೆ. ಬಿಸಿಲಲ್ಲಿ ಸಣ್ಣ ಬಲ್ಬು ಕಾಣದೆಂದು ಅವರು ದಂಡೆಯ ಮೇಲೆ ತಲೆತುಂಬ ಕಂಬಳಿ ಹೊದ್ದು, ವೈರಿನ ತುದಿಯ ಬಲ್ಬಿನ ಮುಂದೆ ಬಗ್ಗಿ ಕೂತರು. ನಾನು ಡ್ರಮ್ಮು ಬಿಟ್ಟೆ.

ಕ್ರ್ಯಾಂಕು ಅರ್ಧ ತಿರುಗಿ ಹಿಂದಕ್ಕೆ ಬಂತು. ಮತ್ತೆ ಅರ್ಧ. ಮಗ್ಗದಲ್ಲಿ ಪ್ರತಿ ಏಟೂ ಒಂದೇ ಅಳತೆಯದು. ನಮ್ಮ ಯಜಮಾನರು ತೆರೆಯನ್ನೂ ಹಾಗೇ ಎಂದುಕೊಂಡಿದ್ದರು. ತೆರೆಗೆ ಅಳತೆ ಎಲ್ಲಿಯದು? ಒಂದು ಗೇಣಿನಷ್ಟಾದರೆ ಇನ್ನೊಂದು ಬೆರಳಿನಷ್ಟು. ದೀಪ ಹತ್ತಲಿಲ್ಲ. ನನ್ನ ಬೇಡಿಕೆ ಫಲಿಸಿತ್ತು.

ಕಂಬಳಿ ಅಲುಗಲಿಲ್ಲ. ಇಷ್ಟು ಹೊತ್ತು ಹುರುಪಿನಿಂದಿದ್ದ ಬೆನ್ನು ನಿಧಾನಕ್ಕೆ ಕುಸಿಯಿತು. ಕಿವಿ ಹೋದಾಗಿನಿಂದ ಆ ಮನುಷ್ಯ ನಕ್ಕಿದ್ದು ಈ ಹಾಳು ಡ್ರಮ್ಮಿನ ಮುಂದೆ ಮಾತ್ರ. ನನಗೆ ತಡೆಯಲಾಗಲಿಲ್ಲ. ಎರಡೂ ಕೈಯಿಂದ ಡ್ರಮ್ಮನ್ನು ಒತ್ತಿದೆ, ಬಿಟ್ಟೆ, ಒತ್ತಿದೆ, ಮಗ್ಗದ ಏಟಿನಂತೆ ಒಂದೇ ಸಮ. ಕ್ರ್ಯಾಂಕು ಪೂರ್ತಿ ತಿರುಗತೊಡಗಿತು.

"ಹತ್ತೇತಿ! ಏ, ಹತ್ತೇತಿ ನೋಡ!" ಕಂಬಳಿಯೊಳಗಿಂದ ಕೂಗಿದರು.

ರಟ್ಟೆ ಬಿದ್ದು ಹೋಗುತ್ತಿದ್ದವು. ಇದ್ದೊಂದು ಮಗ್ಗವನ್ನೂ ನನ್ನ ಕೈಯಾರೆ ನೀರಿಗೆ ಹಾಕುತ್ತಿದ್ದೇನೆ ಎಂಬುದು ಗೊತ್ತಿತ್ತು. ಬಿಡಲಾಗಲಿಲ್ಲ.

ಅವರು ಕಂಬಳಿ ಸರಿಸಿ ತಿರುಗಿದರು. ಡ್ರಮ್ಮು ನೋಡಿದರು, ನನ್ನ ಕೈ ನೋಡಿದರು. ಅಂಗೈ ಕೆಳಗೆ ಮಾಡಿ, ಮೆಲ್ಲಗೆ ಒತ್ತಿದರು.

ನಾನು ನಿಲ್ಲಿಸಿದೆ. ಬಲ್ಬು ಆರಿತು.

"ನಾಳಿ ನಿನ್ನ ಮಗ್ಗ ಜೋಡಸ್ತೇನಿ," ಎಂದರು. ನನಗೆ ಬೇಕಾಗಿದ್ದೂ ಅದೇ. ಆದರೂ ನೀರಲ್ಲೇ ನಿಂತು ಅತ್ತುಬಿಟ್ಟೆ.