ಕರೆಂಟ್ ಹೋದಾಗ ಓದಿದ ಕತೆ

ಆ ಪುಸ್ತಕದ ಮುಖಪುಟ ನೀಲಿಯಾಗಿತ್ತು ಎಂದು ನನ್ನ ನೆನಪು. ಹಸಿರೂ ಇದ್ದಿರಬಹುದು. ಅಮ್ಮ ಅದನ್ನು ಓದಿದ್ದು ಬೇಸಿಗೆಯಲ್ಲಿ ಅಂದುಕೊಂಡಿದ್ದೇನೆ. ಆದರೆ ಅವಳು ಚಳಿಗೆ ಸೆರಗು ಹೊದ್ದು ಕೂತಿದ್ದದ್ದೂ ಕಣ್ಣಿಗೆ ಕಟ್ಟಿದಂತಿದೆ. ಬೇಸಿಗೆಯಲ್ಲಿ ಯಾರು ಸೆರಗು ಹೊದೆಯುತ್ತಾರೆ? ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಒಂದಷ್ಟು ತಪ್ಪಿರಬಹುದು.

ಕಳೆದ ಒಂದು ವರ್ಷ ನಾನು ಚೆನ್ನಾಗಿಯೇ ಓದಿದೆ. ಹೆಚ್ಚಿನದೆಲ್ಲ ದೊಡ್ಡಬಳ್ಳಾಪುರದಿಂದ ಬೆಂಗಳೂರಿನ ಕಚೇರಿಗೆ ಹೋಗುವ ರೈಲಿನಲ್ಲಿ, ಕಿಟಕಿ ಪಕ್ಕ ಜಾಗ ಸಿಕ್ಕ ದಿನಗಳಲ್ಲಿ. ಹೊಲದ ಬದುಗಳಲ್ಲಿ ತಾನಾಗಿ ಬೆಳೆಯುವ ಸೊಪ್ಪುಗಳ ಬಗ್ಗೆ ಒಂದು ಪುಸ್ತಕ ಓದಿ, ಅಣ್ಣೆಸೊಪ್ಪು ಹುಡುಕಿಕೊಂಡು ಒಂದು ಭಾನುವಾರವೆಲ್ಲ ಅಲೆದೆ. ನಿವೃತ್ತ ನರ್ಸ್ ಒಬ್ಬರ ಆತ್ಮಕಥೆಯಲ್ಲಿ ಮುಳುಗಿ, ಇಳಿಯಬೇಕಾದ ಸ್ಟೇಷನ್ ದಾಟಿ ಹೋದೆ. ಒಂದು ಕಥಾಸಂಕಲನ ಎರಡು ಸಲ ಓದಿಸಿಕೊಂಡಿತು. ಎಲ್ಲವೂ ಇಷ್ಟವಾದವು. ಆದರೂ ಪುಸ್ತಕ ಮುಚ್ಚಿದಾಗ ಏನೋ ಸಾಲದು ಅನ್ನಿಸುತ್ತಿತ್ತು. ಅದು ಬರೆದವರ ತಪ್ಪಲ್ಲ. ಆ ಪುಸ್ತಕಗಳನ್ನು ಯಾರೂ ನನಗೆ ಗಟ್ಟಿಯಾಗಿ ಓದಿ ಹೇಳಿರಲಿಲ್ಲ, ಅಷ್ಟೇ.

ನಮ್ಮದು ಮಗ್ಗದ ಮನೆ. ಅಮ್ಮ ಮತ್ತು ಅವಳ ತಂಗಿ, ಅಂದರೆ ನನ್ನ ಚಿಕ್ಕಮ್ಮ, ದಿನವೆಲ್ಲ ಪವರ್‌ಲೂಮಿನ ಮುಂದೆ ನಿಂತಿರುತ್ತಿದ್ದರು. ಮಗ್ಗ ಓಡುವಾಗ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸದು. ಕರೆಂಟ್ ಹೋದರೆ ಮಾತ್ರ ಬೀದಿಗೆ ಬೀದಿಯೇ ಒಮ್ಮೆಲೇ ಸುಮ್ಮನಾಗುತ್ತಿತ್ತು. ಉಳಿದವರು ಬೈದುಕೊಳ್ಳುತ್ತ ಜಗಲಿಗೆ ಬಂದರೆ, ಅಮ್ಮ ಪುಸ್ತಕ ಹಿಡಿದು ಬರುತ್ತಿದ್ದಳು. ಆ ನಿಶ್ಶಬ್ದದಲ್ಲೂ ಅವಳು ಓದುತ್ತಿದ್ದುದು ಮಗ್ಗದ ಸದ್ದಿಗೆ ಪಳಗಿದ ಗಂಟಲಿನಲ್ಲಿ. ಎದುರು ಮನೆಯ ಅಜ್ಜಿ "ಮೆಲ್ಲಗ್ ಓದವ್ವ, ನಾನೇನ್ ಕಿವುಡೀನಾ?" ಅಂತ ರೇಗಿಸುತ್ತಲೇ ಹತ್ತಿರ ಬಂದು ಕೂರುತ್ತಿದ್ದರು. ಕರೆಂಟ್ ಬಂತೋ, ವಾಕ್ಯ ಎಲ್ಲಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು. ಸೀರೆಯ ಡಿಸೈನಿಗಾಗಿ ತೂತು ಹೊಡೆದ ಹಳೆಯ ರಟ್ಟೊಂದನ್ನು ಆ ಪುಟಕ್ಕೆ ಸಿಕ್ಕಿಸಿ ಅಮ್ಮ ಒಳಗೆ ಓಡುತ್ತಿದ್ದಳು. ಮುಂದೇನಾಯಿತು ಎಂದು ತಿಳಿಯಲು ನಾನು ಮತ್ತೆ ಕರೆಂಟ್ ಹೋಗುವುದನ್ನೇ ಕಾಯಬೇಕಿತ್ತು.

ಅವಳು ಕೊನೆಯದಾಗಿ ಓದಿದ್ದು ಆ ನೀಲಿಯೋ ಹಸಿರೋ ಮುಖಪುಟದ ಪುಸ್ತಕ, ಕರಾವಳಿಯ ಕಡೆಯ ಒಂದು ಕಾದಂಬರಿ. ದೂರದೂರಿಗೆ ಕೂಲಿಗೆ ಹೋದ ತಾಯಿ, ಸಂಜೆಯಾದರೆ ಹೊಳೆಯ ದಡದಲ್ಲಿ ದೋಣಿ ಕಾಯುವ ಮಗಳು. ಕಡೆಗೊಂದು ದಿನ ತಾಯಿ ದೋಣಿಯಿಂದ ಇಳಿಯುತ್ತಾಳೆ, ಸೆರಗಿನ ಮರೆಯಿಂದ ಖಾರಪುರಿ ಪೊಟ್ಟಣ ತೆಗೆದು ಮಗಳ ಕೈಗಿಡುತ್ತಾಳೆ. ಅದನ್ನು ಓದಿದ ಸ್ವಲ್ಪ ದಿನಕ್ಕೇ ಅಮ್ಮ ಆಸ್ಪತ್ರೆ ಸೇರಿದಳು. ವಾಪಸು ಬರಲಿಲ್ಲ. ನಾನಾಗ ಹೈಸ್ಕೂಲಿನಲ್ಲಿದ್ದೆ.

ಈ ಸಲ ಹಬ್ಬಕ್ಕೆ ಚಿಕ್ಕಮ್ಮನ ಮನೆಯ ಅಟ್ಟ ಗುಡಿಸುವಾಗ ಆ ಪುಸ್ತಕ ಸಿಕ್ಕಿತು. ಮುಖಪುಟ ಹರಿದುಹೋಗಿತ್ತು. ರಟ್ಟು ಇನ್ನೂ ಕೊನೆಯ ಅಧ್ಯಾಯದ ಮೊದಲ ಪುಟದಲ್ಲೇ ಇತ್ತು. ಧೂಳಿನಲ್ಲೇ ಕೂತು ಓದಿದೆ.

ತಾಯಿ ಬರುವುದಿಲ್ಲ. ದೋಣಿಯವನು ಅವಳ ಬಟ್ಟೆಯ ಗಂಟನ್ನು ಮಾತ್ರ ತಂದು ಕೊಡುತ್ತಾನೆ.

ಈ ವರ್ಷ ನಾನು ಓದಿದ್ದರಲ್ಲಿ ಅತ್ಯಂತ ಒಳ್ಳೆಯ ಪುಟಗಳು ಅವೇ. ಒಂದು ಮಾತೂ ಹೆಚ್ಚಿಲ್ಲ. ಆದರೂ ನನಗೆ ಬೇಕಾಗಿದ್ದು ಆ ಪೊಟ್ಟಣ. ಹೊಳೆ ಕರಾವಳಿಯದಾದರೂ ಖಾರಪುರಿ ನಮ್ಮೂರ ಬಸ್ ಸ್ಟಾಂಡಿನಲ್ಲಿ ಮಾರುವಂಥದ್ದು. ಅದನ್ನು ಆ ಕತೆಯೊಳಗೆ ತಂದವರು ಯಾರು? ಅಮ್ಮನೇ? ಅಥವಾ ಅವಳು ಹೋದ ಮೇಲೆ, ಆ ತಾಯಿಯನ್ನಾದರೂ ವಾಪಸು ಕರೆಸೋಣವೆಂದು ನಾನೇ ಕಟ್ಟಿಕೊಂಡ ನೆನಪೇ?

ಪುಸ್ತಕ ಹಿಡಿದು ಕೆಳಗಿಳಿದು ಜಗಲಿಯಲ್ಲಿ ಕೂತೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಬೆರಳಿಗೆ ಅಂಟಿದ ನೂಲಿನೆಳೆ ಬಿಡಿಸಿಕೊಳ್ಳುತ್ತ ಚಿಕ್ಕಮ್ಮ ಹೊರಗೆ ಬಂದಳು.

"ಚಿಕ್ಕಮ್ಮ, ಈ ಕತೇಲಿ ಕೊನೇಗೆ ತಾಯಿ ಬರ್ತಾಳಲ್ವಾ?"

"ಬರ್ತಾಳೆ ಕಣೇ. ಬೋಂಡ ತರ್ತಾಳೆ."

"ಬೋಂಡ ಅಲ್ಲ, ಖಾರಪುರಿ."

"ಬೋಂಡಾನೇ. ನಿಮ್ಮಮ್ಮ ಓದಿದ್ ಕೇಳಿ ಬಾಯಲ್ಲಿ ನೀರ್ ಬಂದು, ಸಾಯಂಕಾಲ ನಾನೇ ಮಾಡ್ದೆ. ನೀನೂ ತಿಂದೆ. ಅಷ್ಟೊಂದ್ ಓದ್ಕೊಂಡು ಅದೂ ಮರ್ತಿದ್ದೀಯಲ್ಲೇ."

"ಇದ್ರಲ್ಲಿ ಅವ್ಳು ಬರೋದೇ ಇಲ್ಲ. ನೋಡು."

ಚಿಕ್ಕಮ್ಮ ಪುಸ್ತಕ ತೆಗೆದುಕೊಂಡಳು, ಓದಲಿಲ್ಲ. ರಟ್ಟನ್ನು ಹೊರಗೆಳೆದು ಅದರ ತೂತುಗಳ ಮೇಲೆ ಹೆಬ್ಬೆರಳಾಡಿಸಿದಳು.

"ಹಂಗಾದ್ರೆ ನಿಮ್ಮಮ್ಮಾನೇ ಕಟ್ಟಿ ಹೇಳಿರ್ಬೇಕು," ಅಂದಳು. ರಟ್ಟನ್ನು ಬೆಳಕಿಗೆ ಹಿಡಿದು, "ಅದನ್ನ್ ಓದಿದ್ ದಿನ ಬೆಳಿಗ್ಗೆ ತಾನೆ ಇಬ್ರೂ ಆಸ್ಪತ್ರೆಗೆ ಹೋಗಿ ಅವ್ಳನ್ನ ತೋರಿಸ್ಕೊಂಡ್ ಬಂದಿದ್ವಿ."

ಇದು ನನಗೆ ಗೊತ್ತಿರಲಿಲ್ಲ.

"ಡಾಕ್ಟ್ರು ಆವತ್ತೇ ಹೇಳಿದ್ರಾ?" ಅಂದೆ.

ಕರೆಂಟ್ ಬಂತು. ಪಕ್ಕದ ಮನೆಯ ಮಗ್ಗ, ಅದರ ಹಿಂದೆಯೇ ಇಡೀ ಬೀದಿ. ಚಿಕ್ಕಮ್ಮ ರಟ್ಟನ್ನು ಇದ್ದ ಪುಟಕ್ಕೇ ಸಿಕ್ಕಿಸಿ, ಪುಸ್ತಕ ನನ್ನ ಮಡಿಲಿಗಿಟ್ಟು ಒಳಗೆ ಹೋದಳು. ನಾನೂ ಎದ್ದು ಹೋಗಿ ಬಾಗಿಲಲ್ಲಿ ನಿಂತೆ. ನನಗೆ ಬೆನ್ನು ಮಾಡಿ ಅವಳು ಮಗ್ಗ ಶುರು ಮಾಡಿದಳು. ಆ ಸದ್ದಿನ ಮೇಲೆ ಕೇಳಲಿ ಎಂದು, ಅಮ್ಮ ಓದುತ್ತಿದ್ದಷ್ಟೇ ಗಟ್ಟಿಯಾಗಿ ಕೇಳಿದೆ:

"ಅಮ್ಮಂಗೆ ಗೊತ್ತಿತ್ತಾ, ಚಿಕ್ಕಮ್ಮ?"