ಅತ್ತಿಗೆಯ ಪಕ್ಕದ ಸೀಟು

ನಮ್ಮ ಅತ್ತಿಗೆ, ಅಂದರೆ ನನ್ನ ಅಣ್ಣನ ಹೆಂಡತಿ, ಶಾಲಾ ವ್ಯಾನ್ ಓಡಿಸುತ್ತಾರೆ. ಅಣ್ಣನಿಗೆ ಸ್ಟೇರಿಂಗ್ ಮುಟ್ಟಿದರೆ ಕೈನಡುಕ. ಮನೆಯ ಬೈಕನ್ನೂ ಅತ್ತಿಗೆಯೇ ಹೊರಗೆ ತೆಗೆಯಬೇಕು. ಅವರ ಗಂಟಲು ಹಾರನ್ನಿಗಿಂತ ಜೋರು. ಮಕ್ಕಳನ್ನು ತಡವಾಗಿ ಕಳಿಸುವ ತಾಯಂದಿರಿಗೆ ಬೀದಿಯಲ್ಲೇ ಮಂಗಳಾರತಿ. ನಾದಿನಿ ಎಂದು ನನಗೇನೂ ರಿಯಾಯಿತಿ ಇಲ್ಲ.

ವ್ಯಾನಿನೊಳಗೆ ಅವರದೇ ಕಾನೂನು. ಹೊಡೆದವರು, ಜಡೆ ಎಳೆದವರು, ಡಬ್ಬಿ ಕಸಿದವರು ಮುಂದಿನ ಸೀಟಿಗೆ ಬಂದು ಅವರ ಪಕ್ಕದಲ್ಲಿ ಕೂರಬೇಕು, ಒಂದು ವಾರ. ದಾರಿಯುದ್ದಕ್ಕೂ ಅವರ ಉಪದೇಶ ಕೇಳಿದ ಎಂಥ ಪುಂಡನೂ ಎರಡೇ ದಿನಕ್ಕೆ ಮೆತ್ತಗಾಗುತ್ತಿದ್ದ. "ಗಾಯ ತೋರಿಸು, ವಿಚಾರಿಸ್ಕೋತೀನಿ" ಎನ್ನುವುದು ಅವರ ಮಾತು. ಗಾಯವಿಲ್ಲದ ದೂರಿಗೆ ಅಲ್ಲಿ ಜಾಗವಿರಲಿಲ್ಲ.

ನನ್ನ ಮಗಳು ಪುಟ್ಟಿ ಎಂಟನೇ ಕ್ಲಾಸು, ಅದೇ ವ್ಯಾನಿನಲ್ಲಿ ಹೋಗುವವಳು. ಈ ವರ್ಷ ಅವಳಿಗೆ ಬೆಳಗಾದರೆ ಹೊಟ್ಟೆನೋವು. ತಿಂಡಿ ತಟ್ಟೆಯಲ್ಲೇ ಉಳಿಯುತ್ತಿತ್ತು. ಡಾಕ್ಟರು ಏನೂ ಇಲ್ಲ ಎಂದರು. ಕೊನೆಗೊಂದು ದಿನ, "ಅಮ್ಮ, ನಾನು ಶಾಲೆ ಬಿಟ್ಬಿಡ್ತೀನಿ" ಎಂದಳು. ಓದು ಎಂದರೆ ಪ್ರಾಣ ಬಿಡುವ ಹುಡುಗಿ! ಯಾಕೆ ಎಂದು ಕೇಳಿದರೆ ಬಾಯಿಗೆ ಬೀಗ.

ಅತ್ತಿಗೆಗೆ ಹೇಳಿಕೊಂಡೆ.

"ನನ್ನ ವ್ಯಾನಲ್ಲಿ ಯಾರಾದ್ರೂ ಇವಳ ಮೈ ಮುಟ್ಟಿದ್ರೆ ನಂಗೆ ಗೊತ್ತಾಗಲ್ವಾ? ಕನ್ನಡಿ ಇರೋದು ಯಾಕೆ? ಏನೋ ಮಂಕಾಗಿದಾಳೆ. ನನ್ನ ಪಕ್ಕದಲ್ಲೇ ಕೂರಿಸ್ಕೋತೀನಿ ಬಿಡು" ಎಂದರು.

ಮರುದಿನದಿಂದ ಪುಟ್ಟಿ ಮುಂದಿನ ಸೀಟಿನಲ್ಲಿ. ಅತ್ತಿಗೆ ಪ್ರೀತಿಯಿಂದಲೇ ಮಾಡಿದ್ದು. ಆದರೆ ಅದು ಶಿಕ್ಷೆಯ ಸೀಟಲ್ಲವೇ? ಹಿಂದೆ ಕೂತವರ ಲೆಕ್ಕದಲ್ಲಿ ಅವಳು ಒಂದೋ ತಪ್ಪು ಮಾಡಿದವಳು, ಇಲ್ಲವೇ ಅತ್ತೆಗೆ ಚಾಡಿ ಹೇಳುವವಳು. ನಮ್ಮಿಬ್ಬರ ತಲೆಗೂ ಇದು ಹೊಳೆಯಲಿಲ್ಲ. ಹೊಟ್ಟೆನೋವು ಇನ್ನೂ ಹೆಚ್ಚಾಯಿತು.

ಒಂದು ದಿನ ಅವಳನ್ನು ಮನೆಯಲ್ಲೇ ಉಳಿಸಿಕೊಂಡೆ. ಅಂದು ವ್ಯಾನಿನಲ್ಲಿ ಗಲಾಟೆಯೋ ಗಲಾಟೆಯಂತೆ. ಗದರಿ ಗದರಿ ಅತ್ತಿಗೆಗೆ ಸಾಕಾಗಿತ್ತು. ಮರುದಿನ ಪುಟ್ಟಿ ಹತ್ತಿದ್ದೇ ತಡ, ಎಲ್ಲರೂ ಗಪ್‌ಚಿಪ್. ಕನ್ನಡಿಯಲ್ಲಿ ನೋಡಿದರೆ ಒಬ್ಬೊಬ್ಬರೂ ಸಾಧುಪ್ರಾಣಿಗಳು. ಮೆಚ್ಚಿ ಎರಡು ಮಾತಾಡಲು ಹೊರಟ ಅತ್ತಿಗೆಗೆ ಪುಟ್ಟಿ ಇಲ್ಲದ ಹಿಂದಿನ ದಿನದ ಗಲಾಟೆ ನೆನಪಾಯಿತು. ಸಂಜೆ ಪುಟ್ಟಿಯನ್ನು ಇಳಿಸಿದ ಮೇಲೆ ವ್ಯಾನನ್ನು ರಸ್ತೆ ಬದಿಗೆ ನಿಲ್ಲಿಸಿ ಹಿಂದೆ ತಿರುಗಿದರು.

"ಪುಟ್ಟಿಗೆ ಯಾರು ಹೊಡೆದಿದ್ದು?"

ಎಲ್ಲರಿಗಿಂತ ಚಿಕ್ಕವಳು, ಗುಬ್ಬಿ ಎಂದು ಕರೆಸಿಕೊಳ್ಳುವವಳು, ಅಳುತ್ತಾ ಬಾಯಿಬಿಟ್ಟಳು. "ಯಾರೂ ಹೊಡೆದಿಲ್ಲ ಆಂಟಿ. ಪುಟ್ಟಿ ಅಕ್ಕನ ಜೊತೆ ಮಾತಾಡ್ಬಾರದು, ಅಷ್ಟೆ. ಮಾತಾಡಿದ್ರೆ ನಮ್ಮನ್ನೂ ಬಿಟ್ಬಿಡ್ತಾರೆ."

ಆಮೇಲೆ ಒಂದೊಂದಾಗಿ ಹೊರಬಿತ್ತು. ಪುಟ್ಟಿಯ ಕ್ಲಾಸಿನ ಒಬ್ಬಳಿದ್ದಾಳೆ, ಅದೇ ವ್ಯಾನಿನವಳು. ಅತ್ತಿಗೆ ಅವಳಿಗೆ ಮಹಾರಾಣಿ ಎಂದು ಹೆಸರಿಟ್ಟಿದ್ದಾರೆ. ಜ್ವರ ಬಂದು ಪುಟ್ಟಿಗೆ ಅವಳ ಹುಟ್ಟುಹಬ್ಬಕ್ಕೆ ಹೋಗಲಾಗಲಿಲ್ಲ. ಅಷ್ಟೇ ಅಪರಾಧ. ಮೊದಲು ಪುಟ್ಟಿ ಕೂರಲು ಹೋದ ಕಡೆಯೆಲ್ಲ ಬ್ಯಾಗ್ ಇಟ್ಟರು. ಅವಳ ನಡಿಗೆಗೊಂದು ಅಡ್ಡಹೆಸರು. ಮೊಬೈಲಿನಲ್ಲಿ ಅವಳೊಬ್ಬಳನ್ನು ಬಿಟ್ಟು ಒಂದು ಗ್ರೂಪು. ಅಲ್ಲಿ ಅವಳು ಬಾಯಿ ತೆರೆದುಕೊಂಡು ನಿದ್ದೆಹೋದ ಫೋಟೋ, ಕೆಳಗೆ ನಗುವ ಮುಖಗಳ ಸಾಲು. ಆಮೇಲೆ ಮಾತೇ ಬಂದ್. ಇಷ್ಟೆಲ್ಲ ಆದರೂ ಯಾರೂ ಅವಳ ಕೂದಲೂ ಕೊಂಕಿಸಿರಲಿಲ್ಲ.

ಮಕ್ಕಳನ್ನೆಲ್ಲ ಇಳಿಸಿ ಅತ್ತಿಗೆ ನೇರ ನಮ್ಮ ಅಡುಗೆಮನೆಗೆ ಬಂದರು. "ನಂಗೆ ಒಂದು ಮಾತು ಹೇಳಬಾರದಿತ್ತಾ ಪುಟ್ಟಿ?" ಎಂದರು.

"ಗಾಯ ಇರಲಿಲ್ವಲ್ಲ ಅತ್ತೆ, ಏನು ತೋರಿಸ್ಲಿ?"

ಗಟ್ಟಿಗಿತ್ತಿ ಅತ್ತಿಗೆ ಅವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟರು. ನನಗೋ ಮೈಯೆಲ್ಲ ಉರಿ. ಈಗಲೇ ಹೋಗಿ ಆ ಮಹಾರಾಣಿಯ ಜಡೆ ಕಿತ್ತು ಕೈಗೆ ಕೊಡುತ್ತೇನೆ ಎಂದು ಎದ್ದೆ. ಅತ್ತಿಗೆ ಕಣ್ಣೊರೆಸಿಕೊಂಡು, "ಕೂತ್ಕೊ ಸುಮ್ನೆ. ಆಮೇಲೆ ನಿನ್ನನ್ನೂ ನಾನೇ ಪಕ್ಕದಲ್ಲಿ ಕೂರಿಸ್ಕೋಬೇಕಾಗತ್ತೆ" ಎಂದರು. ಎಷ್ಟೋ ದಿನಗಳ ನಂತರ ಪುಟ್ಟಿ ನಕ್ಕಳು.

ಮರುದಿನ ನಾವಿಬ್ಬರೂ ಕ್ಲಾಸ್ ಟೀಚರನ್ನು ಕಂಡು, ಮಹಾರಾಣಿಯ ಮನೆಗೂ ಹೋದೆವು. "ಅಯ್ಯೋ, ಮಕ್ಕಳಾಟ" ಎಂದ ಅವಳ ಅಮ್ಮ, ಫೋಟೋ ನೋಡಿದ ಮೇಲೆ ಮಗಳನ್ನು ಹೊರಗೆ ಕರೆದರು. ಗ್ರೂಪು ಮುಚ್ಚಿತು. ಮಹಾರಾಣಿ ನೆಲ ನೋಡುತ್ತಾ ಸಾರಿ ಎಂದಳು. ಮನಸ್ಸಿನಿಂದಲೋ, ಅಮ್ಮನ ಭಯಕ್ಕೋ, ಅವಳಿಗೇ ಗೊತ್ತು. ಅತ್ತಿಗೆ ಶಿಕ್ಷೆಯ ಸೀಟನ್ನೇ ರದ್ದು ಮಾಡಿದರು. ಈಗ ಅಲ್ಲಿ ಎಲ್ಲರೂ ಸರದಿಯಂತೆ ಕೂರುತ್ತಾರೆ. ಪುಟ್ಟಿ ಹಿಂದಕ್ಕೆ ಹೋದ ದಿನ ಗುಬ್ಬಿ ಮೊದಲು ಹೋಗಿ ಅವಳಿಗೆ ಅಂಟಿಕೊಂಡು ಕೂತಳಂತೆ. ಉಳಿದವರು ನಿಧಾನವಾಗಿ ಮಾತಿಗೆ ಬಂದರು. ಹೊಟ್ಟೆನೋವು ಯಾವಾಗ ನಿಂತಿತೋ ನಮಗೆ ಗೊತ್ತೇ ಆಗಲಿಲ್ಲ.

ಮೊನ್ನೆ ಸಂಜೆ ಅತ್ತಿಗೆ ವ್ಯಾನ್ ನಿಲ್ಲಿಸಿ ನನ್ನನ್ನು ಹೊರಗೆ ಕರೆದರು.

"ನಿನ್ನ ಮಗಳಿಗೆ ಸ್ವಲ್ಪ ಬುದ್ಧಿ ಹೇಳಮ್ಮ. ಕಿಟಕಿ ಸೀಟಿಗೆ ಮಹಾರಾಣಿ ಜೊತೆ ಜಗಳ. ಏನು ಕಿರುಚಾಟ ಅಂತೀಯ! ನನ್ನ ಕಿವಿ ತೂತಾಯ್ತು."

"ಯಾರು, ಪುಟ್ಟೀನಾ?"

"ಹ್ಞೂಂ, ಪುಟ್ಟೀನೇ" ಎನ್ನುವಷ್ಟರಲ್ಲಿ ಅತ್ತಿಗೆಯ ಕಣ್ಣು ತುಂಬಿತ್ತು.

ಹೇಳ್ತೀನಿ ಅತ್ತಿಗೆ, ಎಂದೆ. ಇನ್ನೂ ಹೇಳಿಲ್ಲ.